ಕಾಕ್ರೇನ್ ಎದುರು ಆಡಿದ ಕಲ್ಕತ್ತಾದ ‘ಬ್ರಾಹ್ಮಣ’ ಯಾರು? ಹುಡುಕುವ ದಾರಿ ಹೇಳಿ

ಕುದುರೆ_ನಡೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಚೆಸ್‌ನಲ್ಲಿ ಕರಿ ಕಾಯಿ ಬಂದಾಗ ನಾನು ಗ್ರುನ್‌ಫೆಲ್ಡ್ ಡಿಫೆನ್ಸ್ ಅನ್ನುವ ಓಪನಿಂಗ್ (ಆಟದ ಶುರುವಿನ ನಡೆಗಳ ಕ್ರಮ) ಆಡುತ್ತೇನೆ. ಎರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ವಿಯೆನ್ನಾದಲ್ಲಿ ಇದನ್ನು ಆಡಿ, ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖೈನ್ ಅವರನ್ನು ಸೋಲಿಸಿದ ಆಟ ತುಂಬಾ ಜನರಿಗೆ ಗೊತ್ತು. ಹೋದ ತಿಂಗಳು ಸುಮ್ನೆ ಕುತೂಹಲಕ್ಕೆ ಆಟಗಳ ಪಟ್ಟಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸುತ್ತಾ ಹೋದೆ. ಒಂದು ಆಟ 1855ರದ್ದು ಅಂತ ಬಂತು. ಊರು ಕಲ್ಕತ್ತಾ. ಡಿ4, ಕುದುರೆ ಎಫ್6, ಸಿ4, ಜಿ6, ಕುದುರೆ ಸಿ3, ಡಿ5 (ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆ). ನಾವು ಇವತ್ತು ಆಡುವ ಅದೇ ನಡೆಗಳು, 67 ವರ್ಷ ಮೊದಲೇ.

ಬಿಳಿ ಕಾಯಿ ಜಾನ್ ಕಾಕ್ರೇನ್ ಅವರದು. ಕರಿ ಕಾಯಿ ಆಡಿದವರು ಬಂಗಾಳದ ಒಬ್ಬ ಬ್ರಾಹ್ಮಣ. ಆಟ ಅವರು ಸೋತರು. ಬಿಳಿ ಕುದುರೆ ಎಫ್7ಕ್ಕೆ ಬಂದು ಕೂತಾಗ ಇವರು ತಮ್ಮ ಕುದುರೆಯನ್ನು ಎ5ಕ್ಕೆ ತಂದು ಮಂತ್ರಿಯನ್ನು ಹೊಡೆಯಲು ಹೊರಟರು. ಅಲ್ಲಿಂದ ಮೂರೇ ನಡೆಗೆ ಮಾತ್. ತನ್ನದೇ ಆನೆ, ಒಂಟೆ, ಕಾಲಾಳುಗಳ ಮಧ್ಯೆ ರಾಜ ಸಿಕ್ಕಿಹಾಕಿಕೊಂಡು ಬಿಟ್ಟ. ಬೋರ್ಡ್ ಮೇಲೆ ಇಟ್ಟು ಆಡಿ ನೋಡಿ, ಬಹಳ ಚೆನ್ನಾಗಿದೆ.

ಕಾಕ್ರೇನ್ ಬಗ್ಗೆ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. 1798ರಿಂದ 1878ರವರೆಗೆ ಬದುಕಿದ್ದ ಸ್ಕಾಟ್ಲೆಂಡಿನವರು, ಕಲ್ಕತ್ತಾದಲ್ಲಿ ಬ್ಯಾರಿಸ್ಟರ್, 1840ರ ದಶಕದ ಶುರುವಿನಲ್ಲಿ ಲಂಡನ್ನಿಗೆ ಹೋಗಿದ್ದಾಗ ಆಗಿನ ಇಂಗ್ಲೆಂಡಿನ ದೊಡ್ಡ ಆಟಗಾರ ಹೋವರ್ಡ್ ಸ್ಟಾಂಟನ್ ಜೊತೆ ನೂರಾರು ಆಟ ಆಡಿದವರು. ಪೆಟ್ರೋವ್ ಡಿಫೆನ್ಸ್ ಅನ್ನುವ ಓಪನಿಂಗಿನಲ್ಲಿ ನಾಲ್ಕನೇ ನಡೆಗೇ ಕುದುರೆಯನ್ನು ಎಫ್7ರಲ್ಲಿ ಬಲಿ ಕೊಡುವ ಕಾಕ್ರೇನ್ ಗ್ಯಾಂಬಿಟ್ ಇದೆಯಲ್ಲ, ಅದು ಇವರ ಹೆಸರಿನದೇ. 1848ರಲ್ಲಿ ಕಲ್ಕತ್ತಾದಲ್ಲಿ ಅದನ್ನು ಆಡಿದ್ದು ಇದೇ ಬ್ರಾಹ್ಮಣರ ಎದುರು!

ಆದರೆ ಎದುರಿಗೆ ಕೂತಿದ್ದ ಮನುಷ್ಯನ ಹೆಸರೇ ಒಂದೊಂದು ಕಡೆ ಒಂದೊಂದು ತರ ಇದೆ. ಒಂದು ಕಡೆ ಮೋಹೆಸ್‌ಚಂದರ್ ಬ್ಯಾನರ್ಜಿ. ಇನ್ನೊಂದು ಕಡೆ ಮೋಹಿಶುಂದರ್. ಮತ್ತೊಂದು ಕಡೆ ಬಾನರ್ಜಿ ಅನ್ನುವುದೇ ಮೊದಲ ಹೆಸರು ಅನ್ನುವ ಹಾಗೆ ತಿರುಗಿಸಿ ಹಾಕಿದ್ದಾರೆ. ನಾನಂತೂ ಮೊದಲ ಎರಡು ದಿನ ‘ಮೋಹನಸುಂದರ’ ಅಂದುಕೊಂಡು ಹುಡುಕಿದೆ.

ಇವರೆಲ್ಲ ಒಬ್ಬರೇನಾ? ವಿಕ್ಟೋರಿಯಾ ಕಾಲದ ಇಂಥ ಹವ್ಯಾಸಿ ಆಟಗಾರರ ಗುರುತನ್ನು ಪತ್ತೆ ಮಾಡುವುದು ಹೇಗೆ? ಇಷ್ಟು ಆಟ ಆಡಿದ ಮನುಷ್ಯ, ಒಂದು ಓಪನಿಂಗನ್ನು ಅಷ್ಟು ಮೊದಲೇ ಆಡಿದ ಮನುಷ್ಯ, ಬರೀ ‘ಕಾಕ್ರೇನ್ ಎದುರಾಳಿ’ ಆಗಿ ಉಳಿಯಬಾರದು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಲಿ?

ಹಳೇ_ಪತ್ರಿಕೆ:

ಒಳ್ಳೆ ಪ್ರಶ್ನೆ. ಮೊದಲು ಹೆಸರು ಬಿಡಿಸೋಣ. ಹೆಸರು ಬಿಡಿಸದೆ ಮುಂದೆ ಹೋದರೆ ತಿಂಗಳುಗಟ್ಟಲೆ ತಪ್ಪು ದಾರಿಯಲ್ಲಿ ನಡೆಯುತ್ತೀರಿ.

ಹೌದು, ಎಲ್ಲರೂ ಒಬ್ಬರೇ. ಮಹೇಶಚಂದ್ರ ಬ್ಯಾನರ್ಜಿ. ಬಂಗಾಳಿಯಲ್ಲಿ ‘ಅ’ ಸ್ವರ ‘ಒ’ ಕಡೆಗೆ ವಾಲುತ್ತದೆ, ಹಾಗಾಗಿ ಮಹೇಶ ಮೊಹೇಶ್ ಆಯಿತು. ಚಂದ್ರ ಅನ್ನುವುದನ್ನು ಆಗಿನ ಇಂಗ್ಲಿಷಿನವರು ‘ಚಂದರ್’ ಅಂತ ಬರೆಯುತ್ತಿದ್ದರು. ಎರಡನ್ನೂ ಸೇರಿಸಿ ಬರೆದು, ಅಚ್ಚಿನ ಮನೆಯವನು ನಡುವೆ ಎರಡು ಅಕ್ಷರ ನುಂಗಿದರೆ ಮೋಹಿಶುಂದರ್. ಬ್ಯಾನರ್ಜಿ, ಬಾನರ್ಜಿ, ಬಂದ್ಯೋಪಾಧ್ಯಾಯ ಮೂರೂ ಒಂದೇ ಮನೆತನದ ಹೆಸರು. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದ ಡಬ್ಲ್ಯೂ. ಸಿ. ಬಾನರ್ಜಿ ಇದ್ದಾರಲ್ಲ, ಅವರ ‘ಡಬ್ಲ್ಯೂ’ ಅಂದರೆ ವೊಮೇಶ್, ಅಂದರೆ ನಮ್ಮ ಉಮೇಶ. ಈ ಒಂದು ಉದಾಹರಣೆ ನೆನಪಿಟ್ಟುಕೊಂಡರೆ ಸಾಕು, ಉಳಿದ ಹೆಸರುಗಳೂ ಬಿಡಿಸಲು ಬರುತ್ತವೆ.

ಈಗ ಅವರ ಬಗ್ಗೆ ಅಚ್ಚಾಗಿರುವ ಮುಖ್ಯ ಮಾತು. ಸ್ಟಾಂಟನ್ 1841ರಲ್ಲಿ ಶುರು ಮಾಡಿದ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ ಅನ್ನುವ ಪತ್ರಿಕೆ ಇತ್ತು. ಅದರಲ್ಲಿ 1850ರಲ್ಲಿ ಕಲ್ಕತ್ತಾ ಚೆಸ್ ಕ್ಲಬ್ಬಿನ ಸದಸ್ಯರೊಬ್ಬರ ಕಾಗದ ಬಂತು. ಅದರ ಸಾರಾಂಶ ಹೀಗೆ. ಇಲ್ಲಿ ಕಾಕ್ರೇನ್ ಜೊತೆ ಸಮಸಮವಾಗಿ ಕೂತು ಆಡಬಲ್ಲವರು ಒಬ್ಬರೇ, ಅದು ಮಹೇಶಚಂದ್ರ ಅನ್ನುವ ಬ್ರಾಹ್ಮಣ. ಕ್ಲಬ್ಬಿನವರೊಬ್ಬರು ಮೊಫಸ್ಸಿಲ್ ಕಡೆ ಹೋಗಿದ್ದಾಗ, ಯಾರಿಗೂ ಸೋಲದ ಆಟಗಾರ ಒಬ್ಬ ಇದ್ದಾನೆ ಅಂತ ಕೇಳಿ, ಹುಡುಕಿಕೊಂಡು ಹೋಗಿ, ಆಡಿ, ಸೋತು, ಅವರನ್ನು ಕಲ್ಕತ್ತಾಕ್ಕೆ ಕರೆತಂದು ಕಾಕ್ರೇನ್ ಮುಂದೆ ಕೂರಿಸಿದರು. ಮೊದಲ ಆಟಗಳನ್ನು ಕಾಕ್ರೇನ್ ಗೆದ್ದರೂ ಎದುರಿನವರ ಆಟ ನೋಡಿ ಬೆರಗಾದರು.

ಈ ಕಾಗದದಲ್ಲಿ ನಮಗೆ ಕೆಲಸಕ್ಕೆ ಬರುವ ಮಾತು ‘ಮೊಫಸ್ಸಿಲ್’. ಅಂದರೆ ಇವರು ಕಲ್ಕತ್ತಾ ಪಟ್ಟಣದವರಲ್ಲ, ಹಳ್ಳಿಗಾಡಿನ ಕಡೆಯವರು. ಹೆಸರಿಗಿಂತ ಇದು ದೊಡ್ಡ ಸುಳಿವು.

ಒಂದು ಎಚ್ಚರಿಕೆ. ಆಗ ಬಿಳಿಯೇ ಮೊದಲು ನಡೆಯಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ, ಕರಿ ಕಾಯಿಯವರು ಮೊದಲು ನಡೆದ ಆಟಗಳೂ ಇವೆ. ಜೊತೆಗೆ ಹಳೇ ಇಂಗ್ಲಿಷ್ ಬರವಣಿಗೆಯಲ್ಲಿ ‘ರಾಜನ ಕುದುರೆ ಒಂಟೆಯ ಮೂರನೇ ಮನೆಗೆ’ ಅನ್ನುವ ತರ ನಡೆ ಬರೆಯುತ್ತಿದ್ದರು. ಇದನ್ನು ಈಗಿನ ಬರವಣಿಗೆಗೆ ತಿರುಗಿಸುವಾಗ ಬಣ್ಣ ಅದಲುಬದಲಾಗಿ ಒಂದೇ ಆಟ ಎರಡು ಸಲ ಎರಡು ಹೆಸರಲ್ಲಿ ಸೇರಿಬಿಡಬಹುದು. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಮೊದಲು ನಡೆಗಳನ್ನು ಹೋಲಿಸಿ ನೋಡಿ, ಆಮೇಲೆ ಹೆಸರು.

ಥೇಮ್ಸ್_ದಡದಿಂದ:

ನಾನು ಲಂಡನ್ ಹತ್ತಿರ ಇರುತ್ತೇನೆ. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಹವ್ಯಾಸಿಗಳನ್ನು ಹುಡುಕುವುದು ನನ್ನ ಭಾನುವಾರದ ಕೆಲಸ. ಇಲ್ಲಿನವರನ್ನು ಹೇಗೆ ಹುಡುಕುತ್ತೇವೆ ಅಂತ ಮೊದಲು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಯಾವುದು ನಿಮ್ಮ ಮಹೇಶಚಂದ್ರರಿಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಹುಟ್ಟು, ಸಾವು, ಮದುವೆ ಸರ್ಕಾರಿ ದಾಖಲೆಯಲ್ಲಿದೆ. 1841ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ಹಾಳೆಗಳು ಮನೆಮನೆಯ ಹೆಸರಿನ ಸಮೇತ ಉಳಿದಿವೆ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಅದನ್ನು ನಂಬಬೇಡಿ. 1851ರದ್ದರಿಂದ ವಯಸ್ಸು, ಕಸುಬು, ಹುಟ್ಟಿದ ಊರು ಸಿಗುತ್ತದೆ. 1858ರಿಂದ ಉಯಿಲುಗಳ ವರ್ಷವಾರು ಪಟ್ಟಿ ಇದೆ. ಚೆಸ್ ಅಂಕಣದಲ್ಲಿ ‘ಇಂಥ ಊರಿನ ಇಂಥವರು’ ಅಂತ ಒಂದು ಸಾಲು ಸಿಕ್ಕರೆ ಸಾಕು, ಊರು ಮತ್ತು ಹೆಸರು ಹಿಡಿದು ಗಣತಿಗೆ ಹೋಗುತ್ತೇವೆ.

ಕಷ್ಟ ಬರುವುದು ಎರಡು ಕಡೆ. ಒಂದು, ಗುಟ್ಟಿನ ಹೆಸರು. 1850ರ ದಶಕದಲ್ಲಿ ‘ಆಲ್ಟರ್’ ಅನ್ನುವ ಹೆಸರಲ್ಲಿ ಒಬ್ಬರು ಆಡುತ್ತಿದ್ದರು. ಅವರು ಜಾನ್ ಓವನ್ ಅನ್ನುವ ಪಾದ್ರಿ, ಮುಂದೆ ಚೆಷೈರಿನ ಹೂಟನ್‌ನಲ್ಲಿ 1862ರಿಂದ 1900ರವರೆಗೆ ಸೇವೆಯಲ್ಲಿದ್ದರು, 1858ರಲ್ಲಿ ಅಮೆರಿಕದ ಹೆಸರಾಂತ ಆಟಗಾರ ಪಾಲ್ ಮಾರ್ಫಿಯನ್ನು ಒಂದು ಆಟದಲ್ಲಿ ಸೋಲಿಸಿದವರು. ಪಾದ್ರಿಗಳನ್ನು ಹುಡುಕಲು ಅವರದೇ ಡೈರೆಕ್ಟರಿ ಇದೆ, ಅದು ಶುರುವಾದದ್ದೂ 1858ರಲ್ಲೇ. ಹಾಗೆಯೇ ‘ಬ್ರಿಡ್‌ಪೋರ್ಟಿನ ಜೆ. ಬಿ.’ ಅನ್ನುವ ಸಹಿ ಹಾಕಿ ಚೆಸ್ ಸಮಸ್ಯೆಗಳನ್ನು ಕಟ್ಟುತ್ತಿದ್ದವರು ಜಾನ್ ಬ್ರೌನ್. 1863ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ಸಂಸಾರಕ್ಕೆ ನೆರವಾಗಲಿ ಅಂತ 1865ರಲ್ಲಿ ಆ ಸಮಸ್ಯೆಗಳನ್ನು ಪುಸ್ತಕ ಮಾಡಿದರು. ಆ ಪುಸ್ತಕ ಬರದಿದ್ದರೆ ಎರಡಕ್ಷರ ಮಾತ್ರ ಉಳಿಯುತ್ತಿತ್ತೇನೋ.

ಇನ್ನೊಂದು ಹೆಂಗಸರ ಕಷ್ಟ. ಎಲ್ಲರೂ ‘ಮಿಸೆಸ್ ಇಂಥವರು’. ಗಂಡನ ಹೆಸರಿನ ಹಿಂದೆ ಪೂರ್ತಿ ಮುಚ್ಚಿಹೋಗಿರುತ್ತಾರೆ. 1897ರಲ್ಲಿ ಲಂಡನ್ನಿನಲ್ಲಿ 20 ಹೆಂಗಸರು ಆಡಿದ ಮೊದಲ ಅಂತರರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಮೇರಿ ರಜ್ ಗೆದ್ದರು, ಎರಡನೆಯವರು ‘ಮಿಸೆಸ್ ಫೇಗನ್’. ಇವರು ನೇಪಲ್ಸ್‌ನಲ್ಲಿ 1850ರಲ್ಲಿ ಹುಟ್ಟಿದ ಲೂಯಿಸಾ, ತವರಿನ ಹೆಸರು ಬ್ಯಾಲರ್ಡ್. ಗಂಡ ಸೈನ್ಯದ ಅಧಿಕಾರಿ, ಅವರ ಜೊತೆ ಭಾರತಕ್ಕೆ ಬಂದಿದ್ದರು, 1882ರಲ್ಲಿ ಬೊಂಬಾಯಿಯಲ್ಲಿ ಟೂರ್ನಮೆಂಟ್ ಗೆದ್ದಿದ್ದರು. ತವರಿನ ಹೆಸರು ಸಿಕ್ಕ ಮೇಲೆ ಎಲ್ಲ ಬಿಡಿಸಿಕೊಳ್ಳುತ್ತಾ ಹೋಯಿತು.

ಈಗ ನಿಮ್ಮವರ ವಿಷಯ. ಭಾರತದಲ್ಲಿ ಮೊದಲ ಜನಗಣತಿಯೇ 1872ರದ್ದು, ಅದರಲ್ಲೂ ಮನೆಮನೆಯ ಹೆಸರಿನ ಹಾಳೆಗಳನ್ನು ಉಳಿಸಲಿಲ್ಲ. ಒಟ್ಟು ಲೆಕ್ಕ ಮಾತ್ರ ಇದೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹುಟ್ಟು, ಮದುವೆ, ಸಾವಿನ ಪುಸ್ತಕಗಳಿವೆ, ಆದರೆ ಅವು ಚರ್ಚಿನ ಮೂಲಕ ಬಂದವು. ಕಾಕ್ರೇನ್ ಸುತ್ತಲಿನವರು ಅಲ್ಲಿ ಸಿಗುತ್ತಾರೆ, ಮಹೇಶಚಂದ್ರ ಸಿಗುವುದಿಲ್ಲ. ಒಂದೇ ಬೋರ್ಡಿನ ಆಚೆ ಈಚೆ ಕೂತ ಇಬ್ಬರಲ್ಲಿ ಒಬ್ಬರ ಜೀವನಕ್ಕೆ ಕಾಗದದ ರಾಶಿ, ಇನ್ನೊಬ್ಬರಿಗೆ ಒಂದು ಹಾಳೆಯೂ ಇಲ್ಲ. ಪ್ರತಿ ಸಲ ಇದನ್ನು ನೆನೆದಾಗ ನನಗೆ ಸಂಕಟ ಆಗುತ್ತದೆ.

ಹಾಗಾಗಿ ಇಲ್ಲಿ ದಾರಿ ತಿರುಗಿಸಬೇಕು. ಮಹೇಶಚಂದ್ರರನ್ನು ನೇರವಾಗಿ ಹುಡುಕುವ ಬದಲು ಕಾಕ್ರೇನ್ ಹಿಂದೆ ಹೋಗಿ. ಆ ಕ್ಲಬ್ಬಿನಿಂದ ಲಂಡನ್ನಿಗೆ ಆಟಗಳನ್ನು ಕಳಿಸುತ್ತಿದ್ದವರು ಯಾರು, ಮೊಫಸ್ಸಿಲ್‌ಗೆ ಹೋಗಿ ಸೋತು ಬಂದ ಆ ಸದಸ್ಯ ಯಾರು? ಅವರು ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದವರಾದರೆ ಯಾವ ಜಿಲ್ಲೆಗೆ ಹೋಗಿದ್ದರು ಅನ್ನುವುದಕ್ಕೆ ದಾಖಲೆ ಇರುತ್ತದೆ. ಆ ಜಿಲ್ಲೆ ಸಿಕ್ಕರೆ ನಿಮ್ಮ ಹುಡುಕಾಟ ಇಡೀ ಬಂಗಾಳದಿಂದ ಒಂದು ಜಿಲ್ಲೆಗೆ ಇಳಿಯುತ್ತದೆ.

ಒಂಟೆ_ಸಾಲು:

ಮೇಲಿನ ಇಬ್ಬರೂ ಕಾಗದದ ಕಡೆಯಿಂದ ಹೇಳಿದ್ದಾರೆ. ನಾನು ಆಟದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಮಹೇಶಚಂದ್ರರ ಆಟವನ್ನು ನೋಡಿದರೆ ಅವರು ಎಲ್ಲಿ ಕಲಿತರು ಅನ್ನುವುದು ಸ್ವಲ್ಪ ಮಟ್ಟಿಗೆ ಕಾಣುತ್ತದೆ.

ನಮ್ಮ ಅಜ್ಜ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ಎರಡು ಮನೆ ಹಾರಿಸಿದರೆ ಕೈಗೆ ಹೊಡೆಯುತ್ತಿದ್ದರು. ಕೋಟೆ ಕಟ್ಟುವುದು (ಕ್ಯಾಸ್ಲಿಂಗ್) ಇರಲಿಲ್ಲ, ಅದರ ಬದಲು ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ತರ ಹಾರಬಹುದಿತ್ತು, ಅದೂ ಅಲ್ಲಿಯವರೆಗೆ ಶಾ (ಚೆಕ್) ಬಿದ್ದಿರಬಾರದು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಅದು ಮುಟ್ಟಿದ ಮನೆಯಲ್ಲಿ ಆಟದ ಶುರುವಿಗೆ ಯಾವ ಕಾಯಿ ಇರುತ್ತಿತ್ತೋ ಅದೇ ಆಗಬೇಕು, ಎಲ್ಲವೂ ಮಂತ್ರಿ ಆಗುವ ಹಾಗಿಲ್ಲ. ಹಳೇ ಭಾರತದ ಆಟದ ನಿಯಮಗಳು ಊರಿಂದ ಊರಿಗೆ ಸ್ವಲ್ಪ ಬೇರೆ ಇದ್ದರೂ ಹೆಚ್ಚು ಕಡಿಮೆ ಹೀಗೇ ಇದ್ದವು.

ಈಗ ಯೋಚಿಸಿ. ಕಾಲಾಳನ್ನು ಒಂದೊಂದೇ ಮನೆ ನಡೆಸಿ ಬೆಳೆದವನ ಕೈಗೆ ಯಾವುದು ಸಹಜ? ಡಿ6, ಜಿ6, ಒಂಟೆಯನ್ನು ಜಿ7ರಲ್ಲಿ ಕೂರಿಸಿ ನಿಧಾನವಾಗಿ ಕಟ್ಟುವುದು. ಆಗಿನ ಇಂಗ್ಲೆಂಡಿನಲ್ಲಿ ಎಲ್ಲರೂ ಇ4, ಇ5 ಅಂತ ನಡುಮನೆಗೆ ನುಗ್ಗಿ ಗ್ಯಾಂಬಿಟ್ ಹೊಡೆಯುತ್ತಿದ್ದ ಕಾಲ. ಅವರ ಕಣ್ಣಿಗೆ ಇದು ವಿಚಿತ್ರ. ನಮಗೆ ಇವತ್ತು ಇದು ಕಿಂಗ್ಸ್ ಇಂಡಿಯನ್, ಪಿರ್ಕ್, ಗ್ರುನ್‌ಫೆಲ್ಡ್ ಅನ್ನುವ ಓಪನಿಂಗ್‌ಗಳು. ‘ಇಂಡಿಯನ್’ ಅನ್ನುವ ಆ ಪದದ ಹಿಂದೆ ಕಾಕ್ರೇನ್ ಎದುರು ಕೂತ ಇಂಥವರ ಆಟಗಳಿವೆ ಅನ್ನುವುದನ್ನು ಎಷ್ಟು ಜನ ಕೋಚ್‌ಗಳು ಹುಡುಗರಿಗೆ ಹೇಳುತ್ತಾರೆ? ಹೇಳಬೇಕು.

ಅದಕ್ಕೇ ನನ್ನ ಸಲಹೆ: ಅವರ ಆಟಗಳನ್ನು ವರ್ಷದ ಪ್ರಕಾರ ಸಾಲಾಗಿ ಇಟ್ಟು ನೋಡಿ. 1848ರ ಪೆಟ್ರೋವ್‌ನಿಂದ 1855ರ ಆ ಆಟಕ್ಕೆ ಬರುವಷ್ಟರಲ್ಲಿ ಏನೇನು ಬದಲಾಗಿದೆ, ಯುರೋಪಿನ ನಿಯಮ ಕೈಗೆ ಹತ್ತಿದ ಮೇಲೂ ಯಾವ ಹಳೇ ಅಭ್ಯಾಸ ಉಳಿದಿದೆ. ಜಾಸ್ತಿ ಆಟ ಕಾಕ್ರೇನ್ ಗೆದ್ದಿದ್ದಾರೆ, ನಿಜ. ಆದರೆ ಇನ್ನೊಬ್ಬರ ನಿಯಮದಲ್ಲಿ, ದೊಡ್ಡವರಾದ ಮೇಲೆ ಕಲಿತು, ಆಗಿನ ದೊಡ್ಡ ಆಟಗಾರರೊಬ್ಬರ ಜೊತೆ ವರ್ಷಗಟ್ಟಲೆ ಆಡುವುದು ಸಣ್ಣ ಮಾತಲ್ಲ.

ಇದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳಲ್ಲಿ ಕುದುರೆ ಓಡಿಸಿ, ಮನೆಗೊಂದು ಅಕ್ಷರದಂತೆ ಶ್ಲೋಕ ತುಂಬುತ್ತಿದ್ದರು. ಅವರು ಅರಸರು, ಆದ್ದರಿಂದ ಅದನ್ನು ಬರೆಸಿಡಲು ಜನ ಇದ್ದರು, ಇಟ್ಟುಕೊಳ್ಳಲು ಅರಮನೆ ಇತ್ತು. ಮದ್ರಾಸಿನ ಗುಲಾಮ್ ಕಾಸಿಂ ಅವರ ಹೆಸರು ಉಳಿದದ್ದು 1829ರಲ್ಲಿ ಮ್ಯೂಜಿಯೋ ಗ್ಯಾಂಬಿಟ್ ಬಗ್ಗೆ ಅಚ್ಚಾದ ಪುಸ್ತಕದಿಂದ. ಮಹೇಶಚಂದ್ರರಿಗೆ ಅರಮನೆಯೂ ಇಲ್ಲ, ಪುಸ್ತಕವೂ ಇಲ್ಲ. ಎದುರಿಗೆ ಕೂತವರು ಆಟ ಬರೆದಿಟ್ಟುಕೊಂಡದ್ದರಿಂದ ಉಳಿದರು.

ಕುದುರೆ_ನಡೆ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಒಂದು ಸಂದೇಹ. ಹಳೇ_ಪತ್ರಿಕೆ ಅವರು ಡಬ್ಲ್ಯೂ. ಸಿ. ಬಾನರ್ಜಿ ಹೆಸರು ಹೇಳಿದರಲ್ಲ, ಅವರದು ಕೂಡ ಕಲ್ಕತ್ತಾದ ವಕೀಲರ ಮನೆತನ, ಕಾಕ್ರೇನ್ ಕೂಡ ಅಲ್ಲೇ ವಕೀಲರು. ಮಹೇಶಚಂದ್ರ ಅದೇ ಮನೆತನದವರು ಇರಬಹುದಾ?

ಹಳೇ_ಪತ್ರಿಕೆ:

ಆ ಕಡೆ ಹೋಗಬೇಡಿ. ಉಮೇಶಚಂದ್ರ ಹುಟ್ಟಿದ್ದೇ 1844ರಲ್ಲಿ, ಮಹೇಶಚಂದ್ರ 1848ರಲ್ಲಿ ಕಾಕ್ರೇನ್ ಜೊತೆ ಆಡುತ್ತಿದ್ದರು. ಮನೆತನದ ಹೆಸರು ಒಂದೇ ಅನ್ನುವುದು ಬಿಟ್ಟರೆ ಏನೂ ಕೈಯಲ್ಲಿಲ್ಲ. ನಮ್ಮಲ್ಲಿ ಇಬ್ಬರು ‘ಕುಲಕರ್ಣಿ’ಗಳು ಸಿಕ್ಕ ಮಾತ್ರಕ್ಕೆ ಅಣ್ಣತಮ್ಮಂದಿರು ಅನ್ನುತ್ತೇವಾ? ಬ್ಯಾನರ್ಜಿಗಳು ಬಂಗಾಳದ ತುಂಬಾ ಇದ್ದಾರೆ, ಮಹೇಶಚಂದ್ರ ಅನ್ನುವುದೂ ಅಲ್ಲಿ ಮನೆಗೊಂದು ಹೆಸರು. ಸುಳ್ಳು ನಂಟು ಒಂದು ಸಲ ಇಂಟರ್‌ನೆಟ್ಟಿಗೆ ಬಿದ್ದರೆ ಹತ್ತು ಕಡೆ ನಕಲಾಗಿ, ಆಮೇಲೆ ಅದನ್ನು ತೆಗೆಯಲು ಆಗುವುದೇ ಇಲ್ಲ. ಎರಡು ಬೇರೆ ಬೇರೆ ಕಡೆಯ ಪುರಾವೆ ಸಿಗದೆ ಯಾವ ನಂಟನ್ನೂ ಬರೆಯಬೇಡಿ.

ಹೌರಾ_ಕನ್ನಡತಿ:

ತಡವಾಗಿ ಬಂದೆ, ಕ್ಷಮಿಸಿ. ನಾನು ಶಿರಸಿ ಕಡೆಯವಳು, ಮದುವೆಯಾಗಿ ಕೋಲ್ಕತ್ತಾಗೆ ಬಂದು ತುಂಬಾ ವರ್ಷ ಆಯಿತು. ಬಂಗಾಳಿ ಓದಲು ಬರುತ್ತದೆ.

ನೀವೆಲ್ಲ ಇಂಗ್ಲಿಷ್ ದಾಖಲೆಗಳನ್ನೇ ಹೇಳುತ್ತಿದ್ದೀರಿ. ಬಂಗಾಳಿ ಕಡೆಯಿಂದ ಯಾಕೆ ನೋಡಬಾರದು? ಈಶ್ವರಚಂದ್ರ ಗುಪ್ತರು 1831ರಲ್ಲಿ ಶುರು ಮಾಡಿದ ‘ಸಂಬಾದ್ ಪ್ರಭಾಕರ್’ ಆ ಕಾಲದಲ್ಲೂ ಬರುತ್ತಿತ್ತು. ಇಂಗ್ಲಿಷಿನಲ್ಲಿ ‘ಬೆಂಗಾಲ್ ಹರ್ಕಾರು’, ಸೆರಾಂಪುರದ ‘ಫ್ರೆಂಡ್ ಆಫ್ ಇಂಡಿಯಾ’ ಇದ್ದವು. ಸಾಹೇಬರ ಕ್ಲಬ್ಬಿನಲ್ಲಿ ನಮ್ಮವನೊಬ್ಬ ಗೆದ್ದ ಅನ್ನುವುದು ಬಂಗಾಳಿಗಳಿಗೆ ಸುದ್ದಿಯೇ ಅಲ್ವಾ? ಒಂದು ಮಾತು, ಬಂಗಾಳಿಯಲ್ಲಿ ಹುಡುಕುವಾಗ ಚೆಸ್ ಅಂತ ಹುಡುಕಬೇಡಿ, ಇಲ್ಲಿ ಅದಕ್ಕೆ ‘ದಾಬಾ’ ಅನ್ನುತ್ತಾರೆ, ಹಳಬರು ‘ಶತರಂಜ್’ ಅನ್ನುತ್ತಿದ್ದರು. ಮನೆತನದ ಹೆಸರೂ ಬಂಗಾಳಿ ಬರಹದಲ್ಲಿ ಬಂದ್ಯೋಪಾಧ್ಯಾಯ ಅಂತಲೇ ಇರುತ್ತದೆ, ಬ್ಯಾನರ್ಜಿ ಅಂತ ಹುಡುಕಿದರೆ ಎದುರಿಗೇ ಇದ್ದರೂ ತಪ್ಪಿಹೋಗುತ್ತದೆ.

ಇನ್ನೊಂದು. ನಮ್ಮ ಕಡೆ ಹೆಳವರು ಮನೆಗೆ ಬಂದು ವಂಶಾವಳಿ ಹೇಳುತ್ತಾರಲ್ಲ, ತಾತನ ತಾತನ ಹೆಸರಿನಿಂದ ಯಾವ ಊರಿಂದ ಯಾವ ಊರಿಗೆ ಬಂದಿರಿ ಅನ್ನುವವರೆಗೆ. ಬಂಗಾಳದ ಕುಲೀನ ಬ್ರಾಹ್ಮಣರಲ್ಲಿ ಆ ಕೆಲಸ ಘಟಕರದು. ಮದುವೆ ಕುದುರಿಸುವವರು ಅವರೇ, ಕುಲದ ಪುಸ್ತಕ ಇಟ್ಟುಕೊಳ್ಳುವವರೂ ಅವರೇ. ಬಂದ್ಯೋಪಾಧ್ಯಾಯರು ಆ ಪುಸ್ತಕಗಳಲ್ಲಿ ಮುಖ್ಯ ಮನೆತನ. ಥೇಮ್ಸ್ ದಡದ ಮೇಡಂ ಹೇಳಿದ ಹಾಗೆ ಜಿಲ್ಲೆ ಒಂದು ಗೊತ್ತಾದರೆ ಇದರಲ್ಲಿ ಕೈ ಹಾಕಬಹುದು, ಅದಿಲ್ಲದೆ ಹೋದರೆ ಸಾವಿರ ಹೆಸರಿನಲ್ಲಿ ಮುಳುಗಿಹೋಗುತ್ತೇವೆ.

ಕಾಕ್ರೇನ್ ಅವರ ಇನ್ನೊಬ್ಬ ಎದುರಾಳಿ ‘ಸೌಮ್‌ಚರ್ನ್ ಗುಟ್ಟಕ್’ ಅಂತ ಒಬ್ಬರಿದ್ದಾರೆ ನೋಡಿದ್ದೀರಾ? ನನಗೆ ಅದು ಶ್ಯಾಮಾಚರಣ ಘಟಕ್ ಇರಬೇಕು ಅನ್ನಿಸುತ್ತದೆ. ಓದಿದ ಕೂಡಲೇ ಕಿವಿಗೆ ಹಾಗೆ ಕೇಳಿಸಿತು.

ಕುದುರೆ_ನಡೆ:

ಅಕ್ಕಾ, ಗುಟ್ಟಕ್ ಅಂದರೆ ಘಟಕ್! ನಾನು ಅದನ್ನು ಯಾವುದೋ ಊರಿನ ಹೆಸರು ಅಂದುಕೊಂಡು ಬಿಟ್ಟುಬಿಟ್ಟಿದ್ದೆ. ಅವರ ಆಟಗಳನ್ನೂ ತೆಗೆದು ನೋಡಿದೆ. ಅಲ್ಲೂ 1856ರಲ್ಲಿ ಜಿ6, ಒಂಟೆ ಜಿ7. ಅಂದರೆ ಹಾಗೆ ಆಡುತ್ತಿದ್ದವರು ಮಹೇಶಚಂದ್ರ ಒಬ್ಬರೇ ಅಲ್ಲ.

ಎರಡು ದಿನ ರಜೆ ಹಾಕಿ ಕೂತಿದ್ದೆ. ಮಾಡಿದ್ದು ಇಷ್ಟು. ಸಿಕ್ಕ ಎಲ್ಲ ಆಟಗಳನ್ನೂ ಹೆಸರು ಮುಚ್ಚಿ ನಡೆಗಳ ಮೇಲೆ ಹೋಲಿಸಿದೆ, ಎರಡು ಬೇರೆ ಹೆಸರಲ್ಲಿ ಇದ್ದ ಒಂದೇ ಆಟಗಳು ಸಿಕ್ಕವು, ಅವನ್ನು ಒಂದು ಮಾಡಿದೆ. ಈಗ ವರ್ಷದ ಪ್ರಕಾರ ಜೋಡಿಸುತ್ತಿದ್ದೇನೆ. ಮುಂದಿನದು ಸ್ಟಾಂಟನ್ 1845ರಿಂದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬರೆಯುತ್ತಿದ್ದ ಅಂಕಣ. ಅದರಲ್ಲಿ ಓದುಗರ ಕಾಗದಗಳಿಗೆ ಒಂದೊಂದು ಸಾಲಿನ ಉತ್ತರ ಇರುತ್ತದೆ, ಕಲ್ಕತ್ತಾದಿಂದ ಬರೆದವರ ಹೆಸರಿನ ಮೊದಲ ಅಕ್ಷರಗಳು ಅಲ್ಲೇ ಇರಬೇಕು. 1848ರಿಂದ ಶುರು ಮಾಡಿ ವಾರಕ್ಕೊಂದರಂತೆ ಎಲ್ಲವನ್ನೂ ಓದುತ್ತೇನೆ.

ಥೇಮ್ಸ್_ದಡದಿಂದ ಅವರೇ, ಅಕ್ಷರಗಳು ಸಿಕ್ಕ ಕೂಡಲೇ ನಿಮಗೆ ಕಳಿಸುತ್ತೇನೆ, ಕಂಪನಿ ನೌಕರರ ಪಟ್ಟಿಯಲ್ಲಿ ಹೋಲಿಸಿ ನೋಡುತ್ತೀರಾ? ಅಕ್ಕಾ, ನೀವು ‘ದಾಬಾ’ ಹಿಡಿದು ಬಂಗಾಳಿ ಪತ್ರಿಕೆ ನೋಡಿದರೆ ದೊಡ್ಡ ಉಪಕಾರ. 1850ರ ಆಸುಪಾಸಿನಿಂದ ಸಾಕು.